ನಾಲ್ಕನೇ ಕ್ರಾಸಿನ ಹಂಪ್ಸ್

ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳಲು ಊರ ವಾಹನಗಳೆಲ್ಲ ನಾಲ್ಕನೇ ಕ್ರಾಸಿಗೇ ನುಗ್ಗತೊಡಗಿ ಎರಡು ವರ್ಷವಾಗಿತ್ತು. ಪಾಲಿಕೆ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ ಬಡಾವಣೆ ಸಂಘದ ಕಾರ್ಯದರ್ಶಿ ರುದ್ರಾರಾಧ್ಯರು ಹನ್ನೊಂದನೆಯ ಅರ್ಜಿ ಹಿಡಿದು ಎಂಜಿನಿಯರ್ ಮುಂದೆ ಕೂತರು.

"ಯಾರಾದ್ರೂ ಸತ್ತ ಮೇಲೇನಾ ನೀವು ಹಂಪ್ಸ್ ಹಾಕ್ಸೋದು?"

"ಹೌದು ಸಾರ್. ಒಂದು ಸಾವಿನ ಎಫ್‌ಐಆರ್ ಕಾಪಿ ಇದ್ರೆ ವಾರದಲ್ಲಿ ಸ್ಯಾಂಕ್ಷನ್ನು. ಬರೀ ಅರ್ಜಿಗೆ ನಮ್ಮ ಸಾಹೇಬ್ರು ಸೈನ್ ಹಾಕಲ್ಲ."

"ಮನುಷ್ಯರೇನ್ರೀ ನೀವು! ಒಂದು ಜೀವದ ಬೆಲೆ ಗೊತ್ತೇನ್ರೀ ನಿಮಗೆ?" ಆರಾಧ್ಯರ ಕಣ್ಣಲ್ಲಿ ನೀರಾಡಿತು. ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿ, ಧುಮುಗುಡುತ್ತ ಎದ್ದು ಬಂದರು.

ಕ್ರಾಸಿನ ತಿರುವಿನಲ್ಲಿ ಆಗಷ್ಟೇ ಟೆಂಪೊ ಒಂದು ಗುದ್ದಿ ಪರಾರಿಯಾಗಿತ್ತು. ದಿನವೂ ಅವರ ಮನೆಗೆ ಮೊಳದ ಮೇಲೊಂದು ಗೇಣು ಹೆಚ್ಚಿಗೆ ಅಳೆದು ಕೊಡುತ್ತಿದ್ದ ಹೂವಿನ ಚೌಡಮ್ಮ, ಚೆಲ್ಲಿದ ಸೇವಂತಿಗೆಯ ನಡುವೆ ಬಿದ್ದಿದ್ದಳು. ಸುತ್ತ ಬೇರೆ ಯಾರೂ ಇರಲಿಲ್ಲ.

"ಸ್ವಾಮೀ, ಬೇಗ ಆಸ್ಪತ್ರೆಗೆ ಸೇರ್ಸಿ..."

"ಇರಮ್ಮ, ಫೋನ್ ಮಾಡ್ತಿದೀನಿ," ಎಂದ ಆರಾಧ್ಯರು ಮೊಬೈಲನ್ನು ಕಿವಿಗಿಟ್ಟುಕೊಂಡು, ಎರಡು ಹೆಜ್ಜೆ ಆಚೆ ಸರಿದು, ದನಿ ತಗ್ಗಿಸಿದರು.

"ಎಂಜಿನಿಯರ್ ಸಾಹೇಬ್ರೇ, ಕಾಲು ಮುರಿದಿದ್ರೆ ಸಾಕಾಗುತ್ತಾ, ಇಲ್ಲಾ ಸಾಯೋ ತನಕ ಕಾಯ್ಬೇಕಾ?"