ಕಲೆವಿಯ ರಿವರ್ಸ್ ಗೇರು

ಚರ್ಚಿನ ಏರಿನ ನಟ್ಟನಡುವೆ ಕಲೆವಿಯ ಕಾರು ನಿಂತುಬಿಟ್ಟಿತು. ಚಕ್ರಗಳು ಗರಗರ ತಿರುಗಿದವು, ಹಿಮ ಹಾರಿತು, ಕಾರು ಮಾತ್ರ ಇಷ್ಟಿಷ್ಟೇ ಹಿಂದಕ್ಕೆ ಜಾರಿತು. ಮೇಲೆ ಮೊಮ್ಮಗಳ ನಾಮಕರಣಕ್ಕೆ ಎಲ್ಲರೂ ಕಾದಿದ್ದರು. ಕೂಸಿಗೆ ತೊಡಿಸಬೇಕಾದ, ನಾಲ್ಕು ತಲೆಮಾರಿನ ಕೂಸುಗಳು ತೊಟ್ಟ ಬಿಳಿ ಅಂಗಿ ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಹೆಲ್ಮಿಯ ಮಡಿಲಲ್ಲಿತ್ತು.

"ಹೊಸಾ ಟೈರು ಅಂದ್ಯಲ್ಲ?"

"ಟೈರಿಗೇನಾಗಿದೆ? ಹಿಮಾನೇ ಸರಿಯಿಲ್ಲ."

ಫಿನ್ಲೆಂಡಿನ ಕುಸಾಮೊದಲ್ಲಿ ಅರ್ಧ ಊರಿಗೆ ಡ್ರೈವಿಂಗ್ ಕಲಿಸಿ ನಿವೃತ್ತನಾದವನು ಕಲೆವಿ. ಹಿಮಕ್ಕೆಂದೇ ಹಾಕುವ ಚಳಿಗಾಲದ ಚಕ್ರಗಳನ್ನು ಗ್ಯಾರೇಜಿಗೆ ಬಿಡದೆ ಹಿಂದಿನ ದಿನ ತಾನೇ ಜೋಡಿಸಿದ್ದ.

"ನಾನು ನಡ್ಕೊಂಡೇ ಹೋಗ್ತೀನಿ."

"ಸುಮ್ನೆ ಕೂತ್ಕೋ! ಕಲೆವಿ ಕಾರು ಏರು ಹತ್ತಲಿಲ್ಲ ಅಂತ ಊರೆಲ್ಲ ಆಡ್ಕೊಳ್ಳೋಕಾ?"

ಹೆಲ್ಮಿ ಇಳಿದೇಬಿಟ್ಟಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಜಾರಿ, ಅಂಗಿಯನ್ನು ಎತ್ತಿ ಹಿಡಿದುಕೊಂಡು, ಮುಂದಿನ ಚಕ್ರದ ಪಕ್ಕ ಕುಕ್ಕರಿಸಿದಳು. ಏಳಲಿಲ್ಲ. ಟೈರನ್ನೇ ನೋಡತೊಡಗಿದಳು.

"ಪೆಟ್ಟಾಯ್ತಾ?"

"ಇಲ್ಲೊಂದು ಬಾಣ ಇದೆ, ಕಲೆವಿ. ತಿರುಗೋ ದಿಕ್ಕು ಅಂತ ಬರ್ದಿದೆ. ಇದು ಹಿಂದಕ್ಕೆ ತಿರುಗು ಅಂತಿದೆಯಲ್ಲ!"

ಕಲೆವಿ ನಾಲ್ಕೂ ಚಕ್ರ ಸುತ್ತಿ ಬಂದ. ಎಡದವು ಬಲಕ್ಕೆ, ಬಲದವು ಎಡಕ್ಕೆ ಹೋಗಿದ್ದವು. "ಬಾಣ ಎತ್ಲಾಗಿದ್ರೇನು? ಚಕ್ರ ಗುಂಡಗೇ ಇದೆ," ಎಂದು ಗೊಣಗಿದ.

"ಮೀನಿನ ಹುರುಪೆ ಬಾಲದಿಂದ ತಲೆ ಕಡೆಗೆ ಕೆರೆದ್ರೆ ಚಾಕು ಹಿಡಿಯುತ್ತೆ. ತಲೆಯಿಂದ ಬಾಲಕ್ಕೆ ಎಳೆದ್ರೆ ಜಾರುತ್ತೆ. ಟೈರಿನ ಗೀರೂ ಹಾಗೇ. ಹಿಮ ಕಚ್ಚಿ ಆಚೆಗೆ ತಳ್ಳಬೇಕಾದ್ದು ನಿನ್ನ ಕೈಯಲ್ಲಿ ಬರೀ ಸವರ್ತಾ ಇದೆ. ಹಿಂದುಮುಂದಾಗಿ ಹಾಕಿದ್ದೀಯ, ಹಿಂದುಮುಂದಾಗೇ ಹತ್ತಿಸು."

ಕಲೆವಿ ಹೆಂಡತಿಯನ್ನು ಹತ್ತಿಸಿಕೊಂಡು ಬುಡದವರೆಗೆ ಇಳಿದು, ಕಾರು ತಿರುಗಿಸಿ, ರಿವರ್ಸ್ ಹಾಕಿದ. ಗೀರುಗಳು ಹಿಮಕ್ಕೆ ಹಲ್ಲೂರಿದವು. ಕಾರು ಸಲೀಸಾಗಿ ಏರಿತು.

ಚರ್ಚಿನಂಗಳಕ್ಕೆ ಮೊದಲು ಬಂದದ್ದು ಕಾರಿನ ಬೆನ್ನು. ಅಲ್ಲಿ ನಿಂತವರಲ್ಲಿ ಮುಕ್ಕಾಲು ಮಂದಿ ಅವನ ಶಿಷ್ಯರು, ಪಾದ್ರಿಯೂ ಸಹ.

"ಇದೇನು ಮೇಷ್ಟ್ರೇ, ಹಿಂದಕ್ಕೆ ಬಂದ್ರಿ?"

ಕಲೆವಿ ಇಳಿದು ಕೋಟು ಕೊಡವಿಕೊಂಡ. "ಹಿಮದಲ್ಲಿ ಏರು ಹತ್ತೋ ಕ್ರಮಾನೇ ಇದು."

ಹೆಲ್ಮಿ ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಕೂಸು ಕಿರುಚಿತು. ಅಂಗಿ ಹಿಡಿದು ಒಳಗೋಡಿದಳು.

ಮುಂದಿನ ಭಾನುವಾರ ಆರಾಧನೆಗೆ ಏಳು ಕಾರುಗಳು ಸಾಲಾಗಿ ಹಿಮ್ಮುಖವಾಗಿ ಏರಿದವು. ಮೊದಲನೆಯದು ಪಾದ್ರಿಯದು. ಟೈರು ಸರಿಮಾಡಿಕೊಂಡು ಬಂದಿದ್ದ ಕಲೆವಿ ಬುಡದಲ್ಲಿ ಒಂದು ಗಳಿಗೆ ಕಾರು ನಿಲ್ಲಿಸಿದ. ಆಮೇಲೆ ಹೆಂಡತಿಯ ಮುಖ ನೋಡದೆ, ಕತ್ತು ಹೊರಳಿಸಿ, ರಿವರ್ಸ್ ಹಾಕಿದ.