ಶಿಂಷೆಗೆ ಬಿದ್ದ ಕಾಸು

ಬೆಂಗಳೂರಿನಲ್ಲಿ ವಿಮಾನ ಏರಿದರೆ ಮೈಸೂರಿನ ಬಯಲಿನಲ್ಲಿ ಇಳಿಯುವುದಕ್ಕೆ ಅರ್ಧ ಗಂಟೆ ಸಾಕು ಎಂದು ಜವರಯ್ಯ ಹೇಳಿದಾಗ, ಸೋಮನಹಳ್ಳಿಯ ಲಿಂಗಯ್ಯನ ಜಗಲಿಯಲ್ಲಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದರು. ಚಿಕ್ಕಬೋರಯ್ಯ ಮಾತ್ರ ತುಟಿ ಕಚ್ಚಿಕೊಂಡ. ಅವನು ಓಡಿಸುವುದು ಇದ್ದಿಲು ಬಸ್ಸು. ಯುದ್ಧ ಬಂದು ಪೆಟ್ರೋಲು ಸಿಗದಂತಾದ ಮೇಲೆ ಬಸ್ಸಿನ ಬೆನ್ನಿಗೆ ಒಲೆ ಕಟ್ಟಿದ್ದರು. ಮಂಡ್ಯದಿಂದ ಸೋಮನಹಳ್ಳಿಗೆ ಬರುವಷ್ಟರಲ್ಲಿ ಇಳಿದಿಳಿದು ಒಲೆ ಕೆದಕಬೇಕು, ಏರು ಸಿಕ್ಕಿದರೆ ಜನ ತಳ್ಳಬೇಕು. ಈಗ ಆ ಒಲೆಗಿಂತ ಅವನ ಹೊಟ್ಟೆಯೇ ಜೋರಾಗಿ ಉರಿಯುತ್ತಿತ್ತು.

ಉರಿಯದೆ ಇನ್ನೇನು? ಇಬ್ಬರೂ ಲಿಂಗಯ್ಯನ ಅಕ್ಕತಂಗಿಯರ ಮಕ್ಕಳು. ಮಾವನ ಮಗಳು ಇಂದ್ರಮ್ಮನ ಮೇಲೆ ಇಬ್ಬರಿಗೂ ಒಂದೇ ವರಸೆ, ಒಂದೇ ಹಕ್ಕು. ಯಾರಿಗೆ ಕೊಡುವುದೆಂದು ಇವತ್ತು ಹೇಳಿಬಿಡುತ್ತೇನೆ ಎಂದು ಕರೆಸಿದ್ದ ಮಾವ, ಈಗ ಜವರಯ್ಯನ ಕಡೆಗೇ ವಾಲಿ ಕೂತಿದ್ದ. ಬೆಂಗಳೂರಿನಲ್ಲಿ ವಿಮಾನ ಮಾಡುವ ಕಡೆ ಕೆಲಸಕ್ಕೆ ಸೇರಿದ ಮೇಲೆ ಜವರಯ್ಯ ನಡೆಯುವ ರೀತಿಯೇ ಬದಲಾಗಿತ್ತು. ರಸ್ತೆ ಊರೂರು ಸುತ್ತಿಕೊಂಡು ಹೋಗುತ್ತದೆ, ಆಕಾಶದಲ್ಲಾದರೆ ನೂಲು ಹಿಡಿದ ಹಾಗೆ ನೆಟ್ಟಗೆ, ಅದಕ್ಕೇ ದೂರವೂ ಕಡಿಮೆ ಎಂದು ಅವನು ಕೈಚಾಚಿ ತೋರಿಸಿದ. ಬಾಗಿಲ ಮರೆಯಲ್ಲಿದ್ದ ಇಂದ್ರಮ್ಮನ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಚಿಕ್ಕಬೋರಯ್ಯ ಅದನ್ನೂ ನೋಡಿದ.

"ನಾನು ಇಮಾನದಲ್ಲಿ ಓಗ್ವಾಗ ಮದ್ದೂರು ಬಂದೇಟ್ಗೆ ಕೆಳಗೆ ಸಿಂಸಾ ಒಳೆ ಕಾಣ್ತು," ಎಂದ ಜವರಯ್ಯ. "ಬಸ್ಸಲ್ಲಿ ಓಗೋರು ಆಕಲ್ವಾ, ಅಂಗೇ ನಾನೂ ಕೈ ಮುಗ್ದು ಕಿಟಕೀಲಿ ಒಂದು ಕಾಸು ಆಕ್ದೆ. ಇಂದ್ರ ನಂಗೇ ಸಿಗ್ಲಿ ಅಂತ."

ಚಿಕ್ಕಬೋರಯ್ಯ ನೆಟ್ಟಗೆ ಕೂತ. ಬಸ್ಸಿನ ರಿಪೇರಿಗೆಂದು ಅವನ ಜೊತೆ ಬಂದಿದ್ದ ಮದ್ದೂರಿನ ಇಸಾಕ್ ಸಾಬರು ಹಿಂದೆ ಅದೇ ವಿಮಾನದ ಕೆಲಸದಲ್ಲಿದ್ದವರು. ಹಾರುವ ವಿಮಾನದ ಕಿಟಕಿ ತೆಗೆದು ಕಾಸು ಹಾಕುವುದುಂಟೇ ಎಂದು ಅವರನ್ನು ಕೇಳಿದ. ಸಾಬರು ಜವರಯ್ಯನ ಮುಖ ನೋಡಿದರು, ನೆಲ ನೋಡಿದರು.

"ಗಾಜು ಬಿಗಿದಿರ್ತಾರೆ ಕಣಪ್ಪ," ಎಂದರು ಕೊನೆಗೆ. "ತೆಗಿಯಾಕಾಗಲ್ಲ."

ಆಮೇಲೆ ಮಾವ ಕೆದಕಿ ಕೇಳಿದಂತೆಲ್ಲ ಜವರಯ್ಯನ ಬಾಯಿಂದ ಎಲ್ಲ ಒಂದೊಂದಾಗಿ ಹೊರಬಿತ್ತು. ಜವರಯ್ಯ ಅಲ್ಲಿ ರೆಕ್ಕೆ ಒರೆಸುವ ಆಳು. ವಿಮಾನದ ಒಳಗೆ ಒಂದು ದಿನವೂ ಕೂತವನಲ್ಲ. ಅರ್ಧ ಗಂಟೆಯ ಲೆಕ್ಕ ಹಾರಿ ಬಂದವರ ಬಾಯಲ್ಲಿ ಕೇಳಿದ್ದು. ಮಾವ ಅವನ ಕಡೆಯಿಂದ ಸರಿದು ಕೂತ. ಜವರಯ್ಯ ಟವಲಿನಿಂದ ಮುಖ ಒರೆಸಿಕೊಂಡ.

ಚಿಕ್ಕಬೋರಯ್ಯನಿಗೆ ಹಬ್ಬವೋ ಹಬ್ಬ. ಇಷ್ಟಕ್ಕೇ ಬಿಟ್ಟಿದ್ದರೆ ಗೆದ್ದಿದ್ದ. ಆದರೆ ಹೊಟ್ಟೆ ಉರಿದವನಿಗೆ ಅಷ್ಟರಲ್ಲೇ ತಣ್ಣಗಾಗುತ್ತದೆಯೇ? ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಕೇಳುಸ್ಕಂಡೇನಮ್ಮೀ? ಅವ್ನು ಆರಿದ್ದೂ ಸುಳ್ಳು, ಕಾಸು ಆಕಿದ್ದೂ ಸುಳ್ಳು."

ಇಂದ್ರಮ್ಮ ಹೊಸ್ತಿಲು ದಾಟಿ ಈಚೆ ಬಂದಳು.

"ಕೇಳುಸ್ಕಂಡೆ ಬಾವ. ನೀನು ದಿನಾ ಸಿಂಸಾ ದಾಟ್ತೀಯ. ನಿನ್ ಬಸ್ಸಿನ ಕಿಟಕೀಗೆ ಗಾಜೂ ಇಲ್ಲ. ಒಂದಿನಾನಾರ ನನ್ ಎಸ್ರೇಳಿ ಕಾಸು ಆಕಿದ್ದೀಯಾ?"