ಪುಸ್ತಕದಂಗಡಿಯಲ್ಲಿ ಓದಿದ ಒಂದು ಪುಟ

ಹೊಸ ಪುಸ್ತಕದ ಅಂಟಿನ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಂದಿನ ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ. ಚಿಂತಾಮಣಿಯ ಪುಸ್ತಕದಂಗಡಿಯಲ್ಲಿ ತಿಂಗಳಿಗೊಂದು ಭಾನುವಾರ ಮಕ್ಕಳು ಎಲ್ಲರೆದುರು ಒಂದು ಪುಟ ಓದಬೇಕಿತ್ತು. ಆ ಮಧ್ಯಾಹ್ನ ನನ್ನ ಹೆಸರು ಕರೆದರು. ನನಗೆ ಉಗ್ಗು ಇತ್ತು. ಮೊದಲ ಅಕ್ಷರದಲ್ಲೇ ನಾಲಿಗೆ ಕಟ್ಟಿಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ಕೈಯ ಬೆವರಿಗೆ ಹಾಳೆ ಮೆತ್ತಗಾಗುತ್ತಿತ್ತು.

"ನಿಧಾನಕ್ಕೆ ಓದಮ್ಮ, ಆತುರ ಏನಿಲ್ಲ," ಎಂದರು ಅಂಗಡಿಯ ಮೇಡಂ. ಮತ್ತೆ ಓದಲು ಹೋಗಿ ಅದೇ ಅಕ್ಷರದಲ್ಲಿ ಸಿಕ್ಕಿಕೊಂಡೆ.

ಆಗ ನನ್ನನ್ನು ಕರೆತಂದಿದ್ದ ಅಪ್ಪ ಕುರ್ಚಿಯಿಂದ ಎದ್ದು ಬಂದರು. ಮನೆಯಲ್ಲಿ 'ಹೂಂ', 'ಬೇಡ' ಬಿಟ್ಟು ಹೆಚ್ಚು ಮಾತಾಡದವರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಪಕ್ಕದಲ್ಲಿ ನಿಂತು ಪುಸ್ತಕದ ಇನ್ನೊಂದು ಅಂಚು ಹಿಡಿದರು.

"ನ... ನ... ನಾನೂ ಓದ್ತೀನಿ ಕಣಮ್ಮ," ಎಂದರು.

ಅಪ್ಪನಿಗೂ ಉಗ್ಗು ಇದೆಯೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಓದಿದ ಆ ಒಂದು ಪುಟಕ್ಕೆ ಬಹಳ ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.